ಹಸಿರು ಕಣ್ಣಿನ ಹಕ್ಕಿ

ನಾನು ಚಿಕ್ಕವನಿದ್ದಾಗ ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ಅಪ್ಪನದು ಹೊಲಿಗೆ ಅಂಗಡಿ ಇತ್ತು. ಚಳಿಗಾಲ ಬಂತೆಂದರೆ ಸೈನ್ಯದ ಹಳೆಯ ಉಣ್ಣೆ ಕೋಟುಗಳು ಗಂಟುಗಟ್ಟಲೆ ಬರುತ್ತಿದ್ದವು. ಅಪ್ಪ ಅವನ್ನು ಬಿಚ್ಚಿ, ಕಾವಲುಗಾರರಿಗೂ ಹಮಾಲರಿಗೂ ಹೊಂದುವಂತೆ ಮತ್ತೆ ಹೊಲಿಯುತ್ತಿದ್ದ. ಅಂಗಡಿಯಲ್ಲೆಲ್ಲ ಇಸ್ತ್ರಿಯ ಇದ್ದಿಲು ಮತ್ತು ಒದ್ದೆ ಉಣ್ಣೆಯ ವಾಸನೆ.

ನಮ್ಮಲ್ಲಿ ಒಂದು ರೂಢಿಯಿತ್ತು. ಕೋಟಿನಿಂದ ಬಿಚ್ಚಿದ ಗುಂಡಿಗಳು ಅಪ್ಪನ ಡಬ್ಬಿಗೆ, ಭುಜದ ಬಟ್ಟೆಯ ಬಿಲ್ಲೆಗಳು ನನ್ನ ಡಬ್ಬಿಗೆ. ಕೆಂಪು ಚೌಕದೊಳಗೆ ಹಳದಿ ಹಕ್ಕಿ ಇರುವ ಬಿಲ್ಲೆಯೇ ನನ್ನ ಹತ್ತಿರ ಹನ್ನೊಂದು ಇದ್ದವು. ನೋಡುವವರಿಗೆ ಎಲ್ಲ ಒಂದೇ. ನನಗೆ ಮಾತ್ರ ಒಂದರ ಕೊಕ್ಕು ಗಿಡ್ಡ, ಇನ್ನೊಂದರ ರೆಕ್ಕೆ ಕೈಕಸೂತಿಯದು, ಮತ್ತೊಂದು ಯಂತ್ರದ ನೇಯ್ಗೆ. ಈ ಹುಚ್ಚು ಓಣಿಯ ಹುಡುಗರಿಗೆಲ್ಲ ಇತ್ತು. ಎಲ್ಲರಿಗಿಂತ ಹೆಚ್ಚು ನನಗಿತ್ತು.

ಬಾಂಗ್ಲಾ ಯುದ್ಧ ಮುಗಿದ ಮರುವರ್ಷದ ಒಂದು ರವಿವಾರ. ಬೆಳಿಗ್ಗೆ ಅಕ್ಕ ಒಂದು ಕೋಟು ತಂದು ಅಪ್ಪನ ಮುಂದಿಟ್ಟಳು. ಅದು ಭಾವನದು. ಭಾವ ಯುದ್ಧದಿಂದ ಬರಲಿಲ್ಲ, ಅವನ ಟ್ರಂಕು ಬಂದಿತ್ತು.

“ಇದರಾಗ ನನ್ನ ಕೂಸಿಗೆ ಒಂದು ಕೋಟ್ ಹೊಲ್ದ ಕೊಡಪಾ,” ಎಂದಳು ಅಕ್ಕ. ಅಪ್ಪ ಕೋಟನ್ನು ನನ್ನತ್ತ ಸರಿಸಿದ. ಬಿಚ್ಚುವ ಕೆಲಸ ನನ್ನದಾಗಿತ್ತು.

ಅದರ ಭುಜದ ಮೇಲಿದ್ದ ಹಕ್ಕಿಯ ಕಣ್ಣು ಹಸಿರು. ಕೊನೆಯ ರಜೆಯಲ್ಲಿ ಭಾವ ಬಂದಾಗ ಆ ಕಣ್ಣಿನ ದಾರ ಕಿತ್ತುಹೋಗಿತ್ತು. ಮನೆಯಲ್ಲಿ ಕಪ್ಪು ದಾರ ಮುಗಿದಿತ್ತೆಂದು ಅಕ್ಕ ತನ್ನ ಕುಪ್ಪಸದ ಹಸಿರು ದಾರದಿಂದಲೇ ತುಂಬಿದ್ದಳು. “ಸಾಹೇಬರು ಕೇಳಿದ್ರ, ನನ್ನ ಹೇಂತಿ ಕಣ್ಣ ಕೊಟ್ಟಾಳ್ರಿ ಅಂತೇನಿ,” ಎಂದು ಭಾವ ನಕ್ಕಿದ್ದ. ಆ ಮಾತು ನಾನೂ ಕೇಳಿದ್ದೆ. ಮೊಮ್ಮಕ್ಕಳೇ, ಗೊತ್ತಿರಲಿಲ್ಲ ಎಂದು ನಾನು ಹೇಳುವಂತಿಲ್ಲ.

ಆದರೂ ಬಿಚ್ಚಿದವನೇ ಅದನ್ನು ಜೇಬಿಗೆ ಹಾಕಿಕೊಂಡೆ. ರೂಢಿ ಇತ್ತಲ್ಲ! ಓಣಿಯ ತುದಿಯಲ್ಲಿ ಮದುವೆಯ ಬ್ಯಾಂಡಿನವರ ಮನೆ. ಅವರ ಮಗ ನನ್ನ ಗೆಳೆಯ. ಅವನ ಬಳಿ ಬೆಳ್ಳಿ ಜರಿಯ ಹಕ್ಕಿ ಇತ್ತು; ಅದಕ್ಕಾಗಿ ನಾನು ತಿಂಗಳುಗಟ್ಟಲೆ ಜೊಲ್ಲು ಸುರಿಸಿದ್ದೆ. ಹಸಿರು ಕಣ್ಣು ಕಂಡದ್ದೇ ಅವನು ಒಪ್ಪಿದ. ಅದಲು ಬದಲು ಆಗಿಹೋಯಿತು.

ಮಧ್ಯಾಹ್ನ ರೊಟ್ಟಿ ಬಡಿಯುತ್ತಲೇ ಅಕ್ಕ ಕೇಳಿದಳು, “ಆ ಬಿಲ್ಲಿ ಎಲ್ಲೈತೋ? ಕೂಸಿನ ಕೋಟಿಗೆ ಎದಿ ಮ್ಯಾಲೆ ಹಚ್ಚಬೇಕು.”

“ಅಂಗಡ್ಯಾಗ ಐತಿ, ತರ್ತೇನಿ,” ಎಂದು ಓಡಿದೆ. ಬ್ಯಾಂಡಿನವರ ಮನೆಗೆ ಬೀಗ. ಗೆಳೆಯನ ಅಪ್ಪ ಆ ಬಿಲ್ಲೆಯನ್ನು ತನ್ನ ಬ್ಯಾಂಡಿನ ಕೋಟಿಗೆ ಹಚ್ಚಿಕೊಂಡು, ಎಲ್ಲರನ್ನೂ ಕರೆದುಕೊಂಡು ಗದಗದ ಕಡೆ ಮದುವೆಗೆ ಹೋದನೆಂದು ಪಕ್ಕದ ಮನೆಯವರು ಹೇಳಿದರು.

ಆಗಲಾದರೂ ಹೋಗಿ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಅಂಗಡಿಗೆ ಬಂದು ನನ್ನ ಹಕ್ಕಿಗಳಲ್ಲಿ ಒಂದನ್ನು ಆರಿಸಿ, ಅದರ ಕಣ್ಣು ಕಿತ್ತು, ಹಸಿರು ದಾರದಿಂದ ಹೊಸ ಕಣ್ಣು ಹೊಲಿದೆ. ಎದುರಿನಿಂದ ನೋಡಿದರೆ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ.

ಅಕ್ಕ ಬಿಲ್ಲೆಯನ್ನು ಹಿಟ್ಟಿನ ಕೈ ಒರೆಸಿಕೊಂಡು ತೆಗೆದುಕೊಂಡಳು. ಎದುರಿಗೆ ನೋಡಲೇ ಇಲ್ಲ, ತಿರುಗಿಸಿ ಹೆಬ್ಬೆರಳಾಡಿಸಿದಳು. ಬೆರಳು ಒಂದು ಕಡೆ ನಿಂತಿತು. ಅಪ್ಪ ಅವಳಿಗೆ ಹೊಲಿಗೆ ಕಲಿಸುವಾಗ ಮೊದಲು ಹೇಳಿಕೊಟ್ಟದ್ದು, ಕಸೂತಿಯ ದಾರಕ್ಕೆ ಗಂಟು ಹಾಕಬಾರದು ಎಂದು. ದಾರದ ತುದಿಯನ್ನು ಹೊಲಿಗೆಯೊಳಗೇ ಅಡಗಿಸಬೇಕು. ಅವಸರದಲ್ಲಿ ನಾನು ಗಂಟು ಹಾಕಿದ್ದೆ.

“ಇದು ನನ್ನ ಕೈ ಹೊಲಿಗಿ ಅಲ್ಲ,” ಎಂದಳು.

“ನಿಂದ ಐತಿ ಅಕ್ಕಾ.”

ಅವಳು ನನ್ನ ಮುಖ ನೋಡಿದಳು. ಬಯ್ಯಲಿಲ್ಲ, ಅಪ್ಪನಿಗೂ ಹೇಳಲಿಲ್ಲ. “ನಿನ್ನ ಡಬ್ಬ್ಯಾಗ ಇಟ್ಟಕೋ,” ಎಂದು ಕೈಗೆ ಕೊಟ್ಟು ರೊಟ್ಟಿ ತಿರುವಿಹಾಕಿದಳು. ಒಂದೇಟು ಹೊಡೆದಿದ್ದರೆ ನನಗೆ ಇಂದಿಗೆ ಸ್ವಲ್ಪ ಹಗುರವಾಗಿರುತ್ತಿತ್ತು.

ನಾಲ್ಕು ದಿನಕ್ಕೆ ಬ್ಯಾಂಡಿನವರು ಮರಳಿದರು. ಫೌಜಿನ ಬಿಲ್ಲೆ ಹಚ್ಚಿಕೊಂಡು ಬಾಜಾ ಬಾರಿಸುತ್ತೀಯಾ ಎಂದು ಮದುವೆಯಲ್ಲಿ ಯಾರೋ ಬೈದರಂತೆ. ಗೆಳೆಯನ ಅಪ್ಪ ಅದನ್ನು ಅಲ್ಲೇ ಕಿತ್ತು ಎಸೆದು ಬಂದಿದ್ದ. ಕೂಸು ಎದೆಯ ಮೇಲೆ ಬಿಲ್ಲೆಯಿಲ್ಲದ ಕೋಟು ಹಾಕಿಕೊಂಡೇ ಬೆಳೆಯಿತು. ಅಕ್ಕ ಬದುಕಿದ್ದ ತನಕ ನಾನು ಅವಳ ಮುಂದೆ ಆ ಮಾತು ತೆಗೆಯಲಿಲ್ಲ, ಅವಳೂ ತೆಗೆಯಲಿಲ್ಲ.

ಮೊಮ್ಮಕ್ಕಳೇ, ನಿಮ್ಮ ಕಾಲ ಬೇರೆ. ನೀವು ಸಂಗ್ರಹಿಸುವುದೆಲ್ಲ ಫೋನಿನಲ್ಲಿ. ಒಂದು ಅಳಿಸಿಹೋದರೆ ಅದರದೇ ಪ್ರತಿ ಇನ್ನೆಲ್ಲೋ ಇರುತ್ತದೆ. ಯಾರಿಗೆ ಏನು ಕೊಟ್ಟರೂ ನಿಮ್ಮದು ನಿಮ್ಮಲ್ಲೇ ಉಳಿಯುತ್ತದೆ. ನಮಗೆ ಇದ್ದದ್ದು ಒಂದೊಂದೇ. ಮೊನ್ನೆ ನೀವು ನನ್ನ ಡಬ್ಬಿ ತೆರೆದು, ಫೋನಿನ ನೂರಾರು ಚಿತ್ರಗಳ ಜೊತೆ ಹೋಲಿಸಿ, ಹಸಿರು ಕಣ್ಣಿನದನ್ನು ಎತ್ತಿ ಹಿಡಿದು, “ಅಜ್ಜಾ, ಇಂಥಾದ್ದು ಯಾರ ಕಡೇನೂ ಇಲ್ಲ ನೋಡು,” ಎಂದು ಕುಣಿದಿರಿ. ಯಾರ ಕಡೆಯೂ ಇಲ್ಲ, ನಿಜ. ಇನ್ನೊಮ್ಮೆ ತೆಗೆದಾಗ ಅದನ್ನು ತಿರುಗಿಸಿ ಹೆಬ್ಬೆರಳಾಡಿಸಿ ನೋಡಿ. ಗಂಟು ಇನ್ನೂ ಅಲ್ಲೇ ಇದೆ.