ಎರಡನೇ ಮಹಡಿಯ ಕಾರ್ಖಾನೆ

ಯಂತ್ರಗಳನ್ನು ತಪಾಸಣೆ ಮಾಡಿ ಪಾಸು-ಫೇಲು ಹೇಳುವ ಆ ಪರೀಕ್ಷಾಲಯದಲ್ಲಿ ಅವಳಿಗೆ ಬಿದ್ದ ಅಡ್ಡಹೆಸರು ‘ಎಲ್ಲಿಡ್ತಾರಕ್ಕ’. ಮಿಕ್ಸಿ ಬರಲಿ, ವೆಲ್ಡಿಂಗ್ ಯಂತ್ರ ಬರಲಿ, ಅವಳ ಬಾಯಿಂದ ಮೊದಲು ಬೀಳುವ ಮಾತು ಒಂದೇ: “ಇದನ್ನ ಎಲ್ಲಿಡ್ತಾರೆ?” ಹದಿನಾರು ವರ್ಷ ಕೇಳಿಯೂ ಅವಳ ನಾಲಿಗೆ ಸವೆದಿರಲಿಲ್ಲ, ಸವೆದದ್ದು ಕೇಳಿಸಿಕೊಂಡವರ ಕಿವಿ.

ಪ್ರಶ್ನೆಗೆ ತೂಕವಿದೆ. ಕರೆಂಟಿನಲ್ಲಿ ಓಡುವ ಯಂತ್ರಗಳು ಕಣ್ಣಿಗೆ ಕಾಣದ ಒಂದು ಗದ್ದಲ ಎಬ್ಬಿಸುತ್ತವೆ. ಪಕ್ಕದ ರೇಡಿಯೋ ಗೊರಗೊರ ಅನ್ನುವುದು ಅದರಿಂದಲೇ. ಕಾರ್ಖಾನೆಯಲ್ಲಿಡುವ ಯಂತ್ರ ಒಂದಿಷ್ಟು ಜಾಸ್ತಿ ಗದ್ದಲ ಮಾಡಿದರೂ ನಿಯಮ ಕಣ್ಣು ಮುಚ್ಚಿಕೊಳ್ಳುತ್ತದೆ. ಮನೆಯಲ್ಲಿಡುವುದಾದರೆ ಬಾಲ ಮುದುರಿಕೊಂಡಿರಬೇಕು; ಗೋಡೆಯಾಚೆ ಇನ್ನೊಬ್ಬರ ಸಂಸಾರವಿದೆ.

ಅವತ್ತು ಕಸೂತಿ ಯಂತ್ರದ ಕಂಪನಿಯ ಎಂಜಿನಿಯರ್ ಬಂದಿದ್ದ. ಎರಡು ವರ್ಷದಿಂದ ಮಾರುತ್ತಿದ್ದ ಯಂತ್ರಕ್ಕೆ ಹೊಸ ಮೋಟಾರು ಹಾಕಿದ್ದರಿಂದ ಮರುಪರೀಕ್ಷೆ.

“ಎಲ್ಲಿಡ್ತಾರೆ?”

“ಅರ್ಜೀಲಿ ಬರೆದಿದೀನಲ್ಲ ಮೇಡಂ. ಕಾರ್ಖಾನೇಲಿ.”

“ಕಾರ್ಖಾನೆ ಯಂತ್ರಕ್ಕೆ ಮಂಚದ ಕೆಳಗೆ ತಳ್ಳೋ ಚಕ್ರ ಯಾಕೆ ಸ್ವಾಮಿ?”

ಅವನು ಚಕ್ರಗಳನ್ನು ಈಗಷ್ಟೇ ಕಂಡವನಂತೆ ನೋಡಿದ.

“ಕೊಂಡವರ ಪಟ್ಟಿ ಕೊಡಿ. ಒಂದು ಕಾರ್ಖಾನೆ ನೋಡ್ಕೊಂಡು ಬರೋಣ.”

ಪಟ್ಟಿಯ ಮೊದಲ ಕಾರ್ಖಾನೆ ಹಲ್ಲಿನ ಡಾಕ್ಟರ ಅಂಗಡಿ ಹಿಂದಿನ ಓಣಿಯಲ್ಲಿ, ಎರಡನೇ ಮಹಡಿಯ ಒಂದೇ ಕೋಣೆ. ಮಂಚಕ್ಕೂ ಒಲೆಗೂ ನಡುವೆ ಯಂತ್ರ. ಶಾಲೆಯ ಲಾಂಛನ ಹೊಲಿಯಬೇಕಾದ ಅಂಗಿಗಳ ರಾಶಿಯ ನಡುವೆ ಯಂತ್ರ ಕೊಂಡಿದ್ದ ಹೊಲಿಗೆಯಕ್ಕ ಕೈಕಟ್ಟಿ ಕುಳಿತಿದ್ದಳು.

“ಯಾಕಮ್ಮ ಸುಮ್ನೆ ಕೂತಿದೀರಿ?” ಎಂದಳು ಎಲ್ಲಿಡ್ತಾರಕ್ಕ.

“ಕೆಳಗಿನ ಮನೆ ಅಜ್ಜ ವಾಕಿಂಗ್ ಹೋಗ್ಲಿ ಅಂತ. ನಾನು ಶುರು ಮಾಡಿದ್ರೆ ಅವರ ರೇಡಿಯೋಗೆ ದೆವ್ವ ಹಿಡಿಯುತ್ತೆ. ಈ ತಿಂಗಳೊಳಗೆ ಯಂತ್ರ ಹೋಗ್ಬೇಕು, ಇಲ್ಲ ನೀನು ಹೋಗ್ಬೇಕು ಅಂದಿದಾರೆ ಮನೆ ಮಾಲೀಕರು.” ನಕ್ಕಳು. “ನನ್ನ ಹೊಟ್ಟೆ ಇರೋದು ಯಂತ್ರದ ಹತ್ರ. ಅದು ಹೋದ್ರೆ ನಾನೂ ಹಿಂದೇನೇ ಹೋಗ್ಬೇಕಲ್ಲ.”

ಎಂಜಿನಿಯರ್ ಗುಂಡಿ ಒತ್ತಿ ನೋಡಿದ. ಕೆಳಗಿನಿಂದ ಅಜ್ಜನ ದೊಡ್ಡ ದನಿ ಬಂತು: “ವಾರ್ತೆ ಮುಗೀಲಿ ಕಣವ್ವ.”

ಹೆಂಗಸು ಮನೆಯಲ್ಲಿ ಹತ್ತು ತಾಸು ದುಡಿದರೆ ಅದನ್ನು ಕೆಲಸ ಎನ್ನಲು ನಮಗೆ ಬಾಯಿ ಬರುವುದಿಲ್ಲ. ಗದ್ದಲ ಅಡಗಿಸುವ ಒಂದು ಬಿಡಿಭಾಗದ ಖರ್ಚು ಉಳಿಸಬೇಕಾದಾಗ ಮಾತ್ರ ಅವಳ ಒಲೆ, ಮಂಚ, ದಿಂಬು ಎಲ್ಲ ರಾತ್ರೋರಾತ್ರಿ ಕಾರ್ಖಾನೆಯಾಗಿಬಿಡುತ್ತದೆ. ಇಂಥ ಜಾಣತನಕ್ಕೆ ಬೆಂಕಿ ಬೀಳಲಿ.

ಮೆಟ್ಟಿಲಿಳಿಯುತ್ತ ಎಲ್ಲಿಡ್ತಾರಕ್ಕ ಎಂಜಿನಿಯರಿಗೆ ಹೇಳಿದಳು, “ಅರ್ಜಿ ತಿದ್ದಿ. ಮನೆ ಅಂತ ಬರೀರಿ.”

“ಹಾಗೆ ಬರೆದ್ರೆ ಪಾಸಾಗಲ್ಲ ಮೇಡಂ.”

“ಆಗೋ ಹಾಗೆ ಮಾಡಿ. ಓದಿದ್ದು ಮತ್ಯಾಕೆ?”

ಹುಡುಗ ಕೆಟ್ಟವನಲ್ಲ, ಮೇಲಿನವರು ಹೇಳಿದ್ದನ್ನು ಬರೆದಿದ್ದ, ಅಷ್ಟೇ. ಎರಡು ಸಲ ಯಂತ್ರ ಫೇಲಾಯಿತು. ಮೂರನೇ ಸಲ ಕರೆಂಟು ಒಳಬರುವಲ್ಲಿ ಗದ್ದಲ ಸೋಸುವ, ಬೆಂಕಿಪೊಟ್ಟಣದಷ್ಟು ದೊಡ್ಡ ಫಿಲ್ಟರ್ ಕೂರಿಸಿ, ಮೋಟಾರಿಗೆ ತಗಡಿನ ಹೊದಿಕೆ ಹಾಕಿ ತಂದ. ಪರದೆಯ ಮೇಲೆ ಗದ್ದಲದ ಗೆರೆ ‘ಮನೆ’ಯ ಗಡಿಗಿಂತ ಕೆಳಗೆ ತೆಪ್ಪಗೆ ಮಲಗಿತು. ಅವನು ಕುರ್ಚಿ ಸಮೇತ ಒಂದು ಸುತ್ತು ತಿರುಗಿದ. ಆಗಲೇ ಮಾರಿದ ಯಂತ್ರಗಳಿಗೂ ಅದನ್ನೇ ಹಾಕಿಕೊಡಲು ಕಂಪನಿ ಒಪ್ಪಿತು. ಒಪ್ಪದಿದ್ದರೆ ಎಲ್ಲಿಡ್ತಾರಕ್ಕ ಪಟ್ಟಿಯ ಎರಡನೇ ಕಾರ್ಖಾನೆ ನೋಡಲು ಚಪ್ಪಲಿ ಮೆಟ್ಟಿ ನಿಂತಿದ್ದಳು.

ಹೊಲಿಗೆಯಕ್ಕನ ಯಂತ್ರಕ್ಕೆ ಫಿಲ್ಟರ್ ಹಾಕಿದ ಮೂರನೇ ದಿನ ಕೆಳಗಿನ ಅಜ್ಜ ಏದುಸಿರು ಬಿಡುತ್ತ ಮೇಲೆ ಹತ್ತಿಬಂದ. ಅಜ್ಜನಿಗೆ ಕಿವಿ ಅಷ್ಟಕ್ಕಷ್ಟೇ. ಯಂತ್ರ ಓಡುವುದು ತಿಳಿಯುತ್ತಿದ್ದದ್ದೇ ರೇಡಿಯೋ ಗೊರಗುಟ್ಟಿದಾಗ.

“ಏನವ್ವ, ಹುಷಾರಿಲ್ವಾ? ಎರಡು ದಿನದಿಂದ ಮಶೀನೇ ಹಾಕಿಲ್ಲ?”

“ಎರಡು ದಿನದಿಂದ ನಿಲ್ಲಿಸೇ ಇಲ್ಲ ಅಜ್ಜ.”

ಅಜ್ಜ ನಂಬಲಿಲ್ಲ. ಇಳಿದು ಹೋಗಿ ರೇಡಿಯೋ ಎತ್ತಿಕೊಂಡು ಬಂದ, ಮಂಚದ ಮೇಲಿಟ್ಟು ತಿರುಪಿದ. ಯಂತ್ರದ ಸೂಜಿ ಓಡುತ್ತಿತ್ತು, ಹಾಡು ಒಂದಿಷ್ಟೂ ಕೊಸರಲಿಲ್ಲ.

“ಇಲ್ಲಿ ನಮ್ಮನೆಗಿಂತ ಚೆನ್ನಾಗಿ ಕೇಳುತ್ತಲ್ಲವ್ವ,” ಎಂದು ಅಲ್ಲೇ ಚಕ್ಕಳಮಕ್ಕಳ ಹಾಕಿದ. ಸಂಜೆಯೊಳಗೆ ಅರುವತ್ತು ಅಂಗಿ ಮುಗಿದವು. ಗುಂಡಿ ಹಾಕಿ ಮಡಿಸಿಟ್ಟವನು ಅಜ್ಜ.