ಓರೆ ಹಗ್ಗ

ಕೋಲಾರದ ಚಿನ್ನದ ಗಣಿಯ ಊರಿಗಾಂನಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರು ಗಣಿಗೆ ಜನರನ್ನು ಇಳಿಸುವ ಕೇಜಿನ ಹಗ್ಗ ನೋಡಿಕೊಳ್ಳುತ್ತಿದ್ದವರು. ಬಟ್ಟೆ ಒಣಹಾಕುವ ಹಗ್ಗವನ್ನೂ ಎರಡು ಬೆರಳಲ್ಲಿ ಮೀಟಿ, "ಅಗ್ಗ ನೆಟ್ಟಗಿರ್ಬೇಕು ಕಣ್ಲಾ" ಅನ್ನುತ್ತಿದ್ದರು.

ಬೇತಮಂಗಲದ ಕೆರೆಯಲ್ಲಿ ಸುತ್ತಲು ನಾನೊಂದು ಪುಟ್ಟ ದೋಣಿ ತಂದಾಗ ಲಂಗರು ಮಾಡಿಕೊಟ್ಟವರೂ ಅವರೇ. ಹಗ್ಗವನ್ನು ನೀರಿನ ಆಳಕ್ಕೆ ಸರಿಯಾಗಿ ಅಳೆದು ಕತ್ತರಿಸಿದ್ದರು. ಇಬ್ಬರೂ ಕೆರೆಯ ನಡುವೆ ಹೋಗಿ ಲಂಗರು ಬಿಟ್ಟೆವು. ಗಾಳಿ ಬೀಸಿತು. ನೆಟ್ಟಗಿದ್ದ ಹಗ್ಗ ಲಂಗರನ್ನೇ ಮೇಲೆತ್ತಿತು. ದೋಣಿ ನೀರು ಧುಮುಕುವ ಕೋಡಿಯತ್ತ ಹೊರಟಿತು. ಹುಟ್ಟು ಹಾಕಿ ಹಾಕಿ ನನ್ನ ತೋಳುಗಳು ಸೋತವು.

ಅವರು ದೋಣಿಯನ್ನು ದಡಕ್ಕೆ ಕಟ್ಟುವ ಹಗ್ಗವನ್ನೂ ಲಂಗರಿನ ಹಗ್ಗಕ್ಕೆ ಗಂಟುಹಾಕಿ, ಪೂರ್ತಿ ನೀರಿಗೆ ಬಿಟ್ಟರು. ಹಗ್ಗ ಓರೆಯಾಯಿತು, ಲಂಗರು ಕೆಸರು ಕಚ್ಚಿತು, ದೋಣಿ ನಿಂತಿತು. ಅವರು ಎರಡು ಬೆರಳಲ್ಲಿ ಮೀಟಿ ನೋಡಿದರು.

"ಇಲ್ಲಿ ಓರೆಗೇ ಇರ್ಬೇಕು ಕಣ್ಲಾ."

ಮುಂದಿನ ಭಾನುವಾರ ಆಳದ ಐದು ಪಟ್ಟು ಹಗ್ಗ ಹೆಗಲಿಗೆ ಸುತ್ತಿಕೊಂಡು, ನನಗಿಂತ ಮೊದಲೇ ದೋಣಿಯಲ್ಲಿ ಕೂತಿದ್ದರು.