ಸೇವಂತಿಗೆ ಬಟ್ಟೆಯ ಗಂಟು

ನಾನು ಕೊಟ್ಟ ಗಿಫ್ಟಿನ ಹೊದಿಕೆಯನ್ನು ಎದುರು ಫ್ಲಾಟಿನ ಲಿಲ್ಲಿ ಆಂಟಿ ಒಗೆದು, ಇಸ್ತ್ರಿ ಮಾಡಿ ವಾಪಸ್ ತಂದರು!

ತಪ್ಪು ನನ್ನದೇ. ಅವರ ಹುಟ್ಟುಹಬ್ಬಕ್ಕೆ ಒಂದು ಟೀ ಕಪ್ ಕೊಂಡಿದ್ದೆ. ಹೊಳೆಯುವ ಕಾಗದ ಐದೇ ನಿಮಿಷದಲ್ಲಿ ಕಸದ ಡಬ್ಬಿ ಸೇರುತ್ತದಲ್ಲ, ನನಗದು ಹಿಡಿಸುವುದಿಲ್ಲ. ಹಾಗಾಗಿ ದುಬೈನ ಜಪಾನಿ ಅಂಗಡಿಯೊಂದರಿಂದ ಫುರೋಶಿಕಿ ತಂದಿದ್ದೆ. ಉಡುಗೊರೆ ಸುತ್ತಲೆಂದೇ ಇರುವ ಚೌಕ ಬಟ್ಟೆ. ನೀಲಿಯ ಮೇಲೆ ಬಿಳಿ ಸೇವಂತಿಗೆ. ಅಂಟು ಬೇಡ, ಕತ್ತರಿ ಬೇಡ, ಎರಡು ಗಂಟು ಸಾಕು. ಕೊಡುವಾಗ ಬೇರೆ ಮಾತು ತೋಚದೆ, "ಬಟ್ಟೆ ಮತ್ತೆ ಬಳಸಬಹುದು ಆಂಟಿ" ಎಂದೆ.

ಅವರು ಅದನ್ನು ಟಿಫಿನ್ ಡಬ್ಬಿಯ ಸಾಲಿಗೆ ಸೇರಿಸಿಬಿಟ್ಟರು. ವಾಪಸ್ ಬಂದ ಗಂಟಿನೊಳಗೆ ಕೊಕ್ಕಿಸ್ ಇತ್ತು (ಹೂವಿನ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಕರಿಯುವ ತಿಂಡಿ, ಅವರು ಕ್ರಿಸ್‌ಮಸ್‌ಗೆಂದು ಕಾಯುವವರಲ್ಲ).

"ಪಾತ್ರೆ ಖಾಲಿ ಕೊಡ್ಲಿಕ್ಕುಂಟಾ ಮಾರಾಯ್ತಿ?"

"ಇದು ಪಾತ್ರೆ ಅಲ್ಲ ಆಂಟಿ, ಬಟ್ಟೆ."

"ಗಂಟು ಕಟ್ಲಿಕ್ಕೆ ಆಗ್ತದಲ್ಲ? ಹಾಗಾದ್ರೆ ಪಾತ್ರೆಯೇ!"

ಹಮ್ದಾನ್ ಸ್ಟ್ರೀಟಿನ ಈ ಕಟ್ಟಡದಲ್ಲಿ ಎರಡು ವರ್ಷ ಲಿಫ್ಟಿನಲ್ಲಿ ತಲೆಯಾಡಿಸಿಕೊಂಡೇ ಇದ್ದವಳು ನಾನು. (ಅದೇ ಹಿತ ಎಂದುಕೊಂಡಿದ್ದೆ.) ಈಗ ದಾವಣಗೆರೆಯಿಂದ ಅಮ್ಮ ಕಳಿಸಿದ ಶೇಂಗಾ ಚಟ್ನಿಪುಡಿ ಬಟ್ಟೆಯಲ್ಲಿ ಅತ್ತ ಹೋಯಿತು. ಇತ್ತ ಮೀನಿನ ಉಪ್ಪಿನಕಾಯಿ ಬಂತು. ನಾನು ಮೀನು ತಿನ್ನುವುದಿಲ್ಲ. ಹೇಳಲಿಲ್ಲ. ಬಟ್ಟೆ ಓಡಾಡುತ್ತಲೇ ಇತ್ತು.

ಕಳೆದ ತಿಂಗಳು ಅವರ ಆಸ್ಪತ್ರೆ ಕೆಲಸ ಮುಗಿಯಿತು. ವೀಸಾ ಕ್ಯಾನ್ಸಲ್. ಗುರುವಾರ ಮಂಗಳೂರಿಗೆ ವಿಮಾನ.

ಇಲ್ಲಿನ ಬೀಳ್ಕೊಡುಗೆ ನಮಗೆಲ್ಲ ಗೊತ್ತಿರುವುದೇ. ಒಂದು ಸೆಲ್ಫಿ, "ಟಚ್‌ನಲ್ಲಿರೋಣ" ಎಂಬ ಮಾತು, ಎರಡು ಹಬ್ಬದ ಫಾರ್ವರ್ಡ್. ಆಮೇಲೆ ಖಲಾಸ್. ಈ ಸಲ ಹಾಗಾಗುವುದು ನನಗೆ ಬೇಡವಾಗಿತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ?

ಬುಧವಾರ ಅದೇ ಬಟ್ಟೆಯಲ್ಲಿ ಒಂದು ಶಾಲು ಕಟ್ಟಿ ಕೊಟ್ಟೆ. "ಬಟ್ಟೆಯನ್ನೂ ಇಟ್ಟುಕೊಳ್ಳಿ ಆಂಟಿ, ವಾಪಸ್ ಬೇಡ." ಉದಾರವಾಗಿ ಹೇಳಿದೆನೆಂದೇ ನನ್ನ ಭಾವನೆ.

ಅವರ ಮುಖ ಸಣ್ಣದಾಯಿತು. "ವಾಪಸ್ ಬೇಡ ಅಂದ್ರೆ ಎಂತ? ಬಾಗಿಲು ಹಾಕಿದ ಹಾಗಾ?"

ಗಂಟು ಹಿಡಿದುಕೊಂಡೇ ಅವರು ಒಳಗೆ ಹೋದರು.

ಗುರುವಾರ ಬೆಳಿಗ್ಗೆ ಬೆಲ್ ಆಯಿತು. ಆಂಟಿಯ ಹೆಗಲ ಮೇಲೆ ನಾನು ಕೊಟ್ಟ ಶಾಲು, ಕೈಯಲ್ಲಿ ಸೇವಂತಿಗೆ ಬಟ್ಟೆಯ ಗಂಟು. ಹಿಡಿದಾಗ ಭಾರವಾಗಿತ್ತು.

"ಬ್ಯಾಗಲ್ಲಿ ತೂಕ ಜಾಸ್ತಿ ಆಯ್ತು. ಕೊಟ್ಟದ್ದಲ್ಲ ಆಯ್ತಾ, ಇಟ್ಟದ್ದು. ನೀನೇ ತಂದು ಕೊಡ್ಬೇಕು, ಖಾಲಿ ತರ್ಬೇಡ. ಯಲ್ಲಾ, ಹೊರಡ್ತೇನೆ, ಟ್ಯಾಕ್ಸಿ ಕಾಯ್ತಾ ಉಂಟು."

ಅವರಿದ್ದ ಲಿಫ್ಟ್ ಕೆಳಗೆ ಹೋದ ಮೇಲೆ ಗಂಟು ಬಿಚ್ಚಿದೆ. ಕೊಕ್ಕಿಸ್ ಅಚ್ಚು! ಹಿಡಿ ಸವೆದ, ಎಣ್ಣೆ ಕುಡಿದು ಕಪ್ಪಾದ ಕಬ್ಬಿಣದ ಹೂವು.

ಮೂರು ಶುಕ್ರವಾರ ಪ್ರಯತ್ನಿಸಿದ್ದೇನೆ. ಒಂದು ಕೊಕ್ಕಿಸ್ ಕೂಡ ಅಚ್ಚು ಬಿಟ್ಟು ಏಳಲಿಲ್ಲ.

ಮಂಗಳೂರಿನ ಟಿಕೆಟ್ ಮಾತ್ರ ಆಗಲೇ ತೆಗೆದಿದ್ದೇನೆ.